ಕೆಲಸಕ್ಕೆ ಕರೆದವರಿಗೆ

ನಿನ್ನೆ ಸಂಜೆ ಈ ಹಂಗಾಮಿನ ಅಡಿಕೆ ಕೊಯ್ಲು ಮುಗಿಯಿತು. ಒಂಬತ್ತು ತೋಟ, ಮೂರು ಜನ, ಎರಡು ದೋಟಿ (ನೆಲದಿಂದಲೇ ಕೊಯ್ಯುವ ಕತ್ತಿ ಕಟ್ಟಿದ ಉದ್ದ ಕೋಲು). ನಾನು ಒಂದು ಮರವನ್ನೂ ಹತ್ತಲಿಲ್ಲ. ರಾತ್ರಿ ಮಲಗಿದರೂ ನಿದ್ದೆ ಬರಲಿಲ್ಲ. ನನಗೆ ನೆರವಾದ ಒಬ್ಬೊಬ್ಬರದೇ ಮುಖ ಕಣ್ಣೆದುರು ಬರುತ್ತಿತ್ತು. ಅವರಿಗೆಲ್ಲ ಮನೆಗೆ ಹೋಗಿ ಧನ್ಯವಾದ ಹೇಳಿದ್ದೇನೆ. ಆದರೂ ನಾಲ್ಕು ಜನರ ಎದುರು ಹೇಳಬೇಕು ಅನ್ನಿಸಿತು.

ನಾನು ಶಿರಸಿ ಸೀಮೆಯ ಕೊನೆಗೌಡ. ಬೇರೆ ಊರಿನವರಿಗಾಗಿ ಹೇಳುತ್ತೇನೆ: ಅಡಿಕೆ ಮರ ಹತ್ತಿ ಕೊನೆ (ಅಡಿಕೆ ಗೊಂಚಲು) ಇಳಿಸುವವನಿಗೆ, ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಮದ್ದು ಹೊಡೆಯುವವನಿಗೆ ನಮ್ಮ ಕಡೆ ಹಾಗೆ ಕರೆಯುತ್ತಾರೆ. ಕಾಲಿಗೆ ತಳೆ ಅನ್ನುವ ಕುಣಿಕೆ, ಸೊಂಟಕ್ಕೆ ಕತ್ತಿ, ಕೂರಲು ಮಣೆ. ಒಮ್ಮೆ ಹತ್ತಿದರೆ ಮರಮರಕ್ಕೂ ಇಳಿದು ಹತ್ತುವುದಿಲ್ಲ. ಪಕ್ಕದ ಮರವನ್ನು ಎಳೆದುಕೊಂಡು ಮೇಲಿನಿಂದಲೇ ದಾಟುತ್ತೇವೆ. ಕೆಳಗೆ ಒಬ್ಬ ನೇಣು, ಅಂದರೆ ಮೇಲಿನಿಂದ ಇಳಿಬಿಟ್ಟ ಹಗ್ಗ, ಹಿಡಿದಿರುತ್ತಾನೆ. ಕೊನೆ ಅದರ ಮೇಲೆ ಜಾರಿ ಅವನ ಹತ್ತಿರ ಬರುತ್ತದೆ. ಹದಿನೇಳನೇ ವಯಸ್ಸಿಗೆ ಅಪ್ಪನ ತಳೆ ಹಾಕಿಕೊಂಡು ಹತ್ತಿದವನು ನಾನು, ಇಪ್ಪತ್ತು ವರ್ಷ ಅದನ್ನೇ ಮಾಡಿದೆ. ಮರ ಹತ್ತುವವರು ಈಗ ಕಡಿಮೆ, ಹಾಗಾಗಿ ಬೇಡಿಕೆ ಜಾಸ್ತಿ. ದಿನಕ್ಕೆ ಎಷ್ಟು ಮರ ಮುಗಿಸಿದೆ ಅನ್ನುವುದೇ ನನ್ನ ಲೆಕ್ಕವಾಗಿತ್ತು. ಸಾಲ ತೀರಲಿ, ಮನೆಗೆ ಹೊಸ ಮಾಡು ಬರಲಿ, ನೆಮ್ಮದಿ ಆಮೇಲೆ ಅಂದುಕೊಂಡಿದ್ದೆ.

2024ರ ಜನವರಿಯಲ್ಲಿ ಹಾಗೆ ದಾಟುವಾಗ ಹಿಡಿದ ಮರವೇ ನಡುವೆ ಮುರಿಯಿತು. ಒಳಗೆ ಟೊಳ್ಳಾಗಿತ್ತಂತೆ. ಬಿದ್ದಿದ್ದು ನೆನಪಿದೆ, ನೋವು ನೆನಪಿಲ್ಲ. ನನ್ನ ಕಾಲು ಎಲ್ಲಿದೆ ಅಂತಲೇ ತಿಳಿಯುತ್ತಿರಲಿಲ್ಲ.

ಅವತ್ತು ನೇಣು ಹಿಡಿದಿದ್ದ ಗೆಳೆಯನಿಗೆ ನನ್ನ ಮೊದಲ ನಮಸ್ಕಾರ. ಎಲ್ಲರೂ ಓಡಿ ಬಂದು ಕೈಕಾಲು ಹಿಡಿದು ಎತ್ತಲು ನೋಡಿದರು. ಅವನು ಕೂಗಾಡಿ ತಡೆದ. ಬೆನ್ನು ಬಗ್ಗಿಸಬೇಡಿ, ಕುತ್ತಿಗೆ ಅಲುಗಿಸಬೇಡಿ ಅಂದ. ಕೊಟ್ಟಿಗೆಯ ಬಾಗಿಲನ್ನೇ ಕಳಚಿ ತರಿಸಿದ. ಆರು ಜನ ಒಟ್ಟಿಗೆ, ಒಂದೇ ಎಣಿಕೆಗೆ ನನ್ನನ್ನು ಅದರ ಮೇಲೆ ಸರಿಸಿದರು. ತೋಟದಿಂದ ರಸ್ತೆಯವರೆಗೆ ಏರು ದಾರಿ, ಆ ಬಾಗಿಲಿನ ಮೇಲೆಯೇ ಹೊತ್ತು ತಂದರು. ಅಲ್ಲಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರು. ಸುಮ್ನೆ ಎತ್ತಿ ಜೀಪಿಗೆ ಹಾಕಿದ್ದರೆ ಇವತ್ತು ನಡೆಯುತ್ತಿರಲಿಲ್ಲ ಅಂತ ಅಲ್ಲಿನ ಡಾಕ್ಟರು ಹೇಳಿದರು. ಆ ಬಾಗಿಲು ಈಗ ಮತ್ತೆ ಅದೇ ಕೊಟ್ಟಿಗೆಯಲ್ಲಿದೆ. ಹೋದಾಗಲೆಲ್ಲ ಮುಟ್ಟಿ ಬರುತ್ತೇನೆ.

ಬೆನ್ನಿಗೆ ರಾಡು ಹಾಕಿದರು. ಮಾರ್ಚಿನಲ್ಲಿ ಮಾರಿಕಾಂಬಾ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ನಾನು ಒಂದನ್ನೂ ತಪ್ಪಿಸಿರಲಿಲ್ಲ. ಆ ಸಲ ಹಾಸಿಗೆಯಲ್ಲಿ ಮಲಗಿ, ಜಾತ್ರೆಗೆ ಹೋಗುವ ಬಸ್ಸುಗಳ ಹಾರನ್ನು ಕೇಳುತ್ತಿದ್ದೆ. ನೋಡಲು ಬಹಳ ಜನ ಬಂದರು. ಹಣ್ಣು ತಂದರು, ಅಕ್ಕಿ ತಂದರು, ಕೈಯಲ್ಲಿ ನೋಟು ಇಟ್ಟು ಹೋದರು. ಆ ಋಣ ದೊಡ್ಡದು. ಆದರೆ ಹೊರಗೆ ಹೋಗುವಾಗ ಎಲ್ಲರೂ ‘ಪಾಪ’ ಅನ್ನುತ್ತಿದ್ದರು. ಆ ಒಂದು ಮಾತು ಕೇಳಿದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ಇನ್ನು ನನ್ನಿಂದ ಯಾರಿಗೂ ಏನೂ ಆಗಬೇಕಾಗಿಲ್ಲ ಅನ್ನುವುದು ಬೆನ್ನಿನ ನೋವಿಗಿಂತ ಜಾಸ್ತಿ ಕಾಡುತ್ತಿತ್ತು.

ಜೂನ್ ಮೊದಲ ವಾರ. ನಾನು ವರ್ಷಗಟ್ಟಲೆ ಕೊಯ್ದ ತೋಟದ ಅಮ್ಮ ಒಬ್ಬರು ಕೊಡೆ ಹಿಡಿದು ಬಂದರು. ಎಪ್ಪತ್ತು ದಾಟಿದವರು. ಹೇಗಿದ್ದೀಯ ಅಂತಲೂ ಕೇಳಲಿಲ್ಲ. ‘ಮದ್ದು ಹದಕ್ಕೆ ಬರ್ತಾ ಇಲ್ಲ ಮಾರಾಯ. ಹುಡುಗ್ರಿಗೆ ಗೊತ್ತಾಗೂದಿಲ್ಲ. ನೀನೇ ಬಂದು ನೋಡು’ ಅಂದರು. ನನ್ನ ಹೆಂಡತಿಗೆ ಸಿಟ್ಟೇ ಬಂತು. ಬೆಲ್ಟು ಕಟ್ಟಿಕೊಂಡು ಕೋಲು ಹಿಡಿದು ಹತ್ತು ಹೆಜ್ಜೆ ಹಾಕುವವನನ್ನು ತೋಟಕ್ಕೆ ಕರೆಯುತ್ತಾರಾ! ಅಮ್ಮ ರಿಕ್ಷಾ ತಂದೇ ಬಂದಿದ್ದರು.

ಅವರ ಅಂಗಳದಲ್ಲಿ ಒಂದು ಕುರ್ಚಿ ಹಾಕಿ ಕೂರಿಸಿದರು. ಬೋರ್ಡೋ ಮದ್ದಿಗೆ ನೂರು ಲೀಟರು ನೀರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕೇಳಲು ಸುಲಭ. ಹುಡುಗರು ಲೆಕ್ಕ ಸರಿಯಾಗಿಯೇ ಹಾಕಿದ್ದರು. ನಾನು ಕತ್ತಿ ಅದ್ದಿ ತೆಗೆದೆ, ಅಲಗಿಗೆ ಕೆಂಪು ಹಿಡಿಯಿತು. ತಾಮ್ರ ಜಾಸ್ತಿ, ಹೊಡೆದರೆ ಎಳೆ ಕಾಯಿ ಸುಡುತ್ತದೆ. ಸುಣ್ಣ ಹಳೆಯದು, ಗಾಳಿ ಕುಡಿದು ಸತ್ತಿತ್ತು. ಹೊಸ ಸುಣ್ಣ ತರಿಸಿದೆ. ಕೂತಲ್ಲಿಂದಲೇ ಹೇಳುತ್ತಾ ಹೋದೆ: ಎರಡೂ ಬೇರೆ ಬೇರೆ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯಿರಿ, ಕೈ ನಿಲ್ಲಿಸಬೇಡಿ. ಬ್ಯಾರಲಿನಲ್ಲಿ ಆಕಾಶದ ಬಣ್ಣ ಬಂತು. ಕತ್ತಿ ಅದ್ದಿದೆ. ಕೆಂಪಿಲ್ಲ.

ಸಂಜೆ ಅಮ್ಮ ಪೂರ್ತಿ ದಿನದ ಸಂಬಳ ಕೊಟ್ಟರು. ನಾನು ಬೇಡ ಅಂದೆ. ‘ಕೆಲಸ ಮಾಡಿದ್ದೀಯಲ್ಲ?’ ಅಂದರು, ಅಷ್ಟೇ. ರಿಕ್ಷಾದಲ್ಲಿ ಮನೆಗೆ ಬರುವವರೆಗೂ ಅತ್ತೆ. ಬಿದ್ದ ಮೇಲೆ ಸಂತೋಷಕ್ಕೆ ಅತ್ತಿದ್ದು ಅವತ್ತೇ ಮೊದಲು.

ಆ ವರ್ಷದ ಮಳೆ ನಿಮಗೆ ನೆನಪಿದೆ ಅಲ್ವಾ? ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಮಳೆಗಾಲ ಅದು. ಎಷ್ಟೋ ಮನೆಗಳು ಕಳೆದುಕೊಂಡದ್ದರ ಎದುರು ನಮ್ಮ ತೋಟದ ಚಿಂತೆ ಸಣ್ಣದು. ಆದರೂ ಮದ್ದು ಕೊನೆಗೆ ಅಂಟಿ ಒಣಗಲು ಸ್ವಲ್ಪ ಹೊಳವಾದರೂ (ಮಳೆ ಬಿಟ್ಟ ಹೊತ್ತಾದರೂ) ಬೇಕು. ಅದೂ ಸಿಗುತ್ತಿರಲಿಲ್ಲ. ಹೊಳವು ಸಿಕ್ಕ ದಿನ ಒಂದಾದ ಮೇಲೆ ಒಂದು ಮನೆಯವರು ನನ್ನನ್ನು ಮದ್ದು ಕದಡಲು ಕರೆದರು. ಅಮ್ಮನೇ ಹೇಳಿ ಕಳಿಸಿದ್ದು ಅಂತ ಆಮೇಲೆ ಗೊತ್ತಾಯಿತು.

ಮನೆಯಲ್ಲಿ ನನ್ನ ಮಗಳು ಇನ್ನೊಂದು ಕೆಲಸ ಹಚ್ಚಿದ್ದಳು. ದಿನವೂ ನಾನು ನಡೆದು ತಲುಪಿದ ಜಾಗದಲ್ಲಿ ಒಂದು ಅಡಿಕೆ ಇಡುವುದು. ಮೊದಲು ಜಗುಲಿಯ ಮೆಟ್ಟಿಲ ಹತ್ತಿರ ನಾಲ್ಕೈದು ಗುಂಪಾಗಿಯೇ ಇದ್ದವು. ಆಮೇಲೆ ತುಳಸಿ ಕಟ್ಟೆ ದಾಟಿದವು. ದೀಪಾವಳಿಗೆ ಅಂಗಳದಾಚೆಯ ಗೇಟು, ದಣಪೆ, ಮುಟ್ಟಿತು. ಹೆಂಡತಿ ಹಗಲು ನನ್ನನ್ನು ನೋಡಿಕೊಂಡು, ರಾತ್ರಿ ಮೆಟ್ಟುಗತ್ತಿ ಹಿಡಿದು ಬೇರೆಯವರ ಮನೆಯಲ್ಲಿ ಅಡಿಕೆ ಸುಲಿದು ಮನೆ ನಡೆಸಿದಳು. ಅವಳ ಬೆರಳಿನ ಕಪ್ಪು ಇನ್ನೂ ಹೋಗಿಲ್ಲ. ಇವಳಿಗೆ ಧನ್ಯವಾದ ಅನ್ನುವ ಮಾತು ಸಾಲುವುದಿಲ್ಲ, ಆದರೂ ಹೇಳುತ್ತೇನೆ.

ದೋಟಿಯ ವಿಷಯ ತಂದಿದ್ದು ಊರಿನ ಇಬ್ಬರು ಹುಡುಗರು. ಕಾರ್ಬನ್ ಫೈಬರಿನದು, ನೆಲದಲ್ಲಿ ನಿಂತೇ ಅರವತ್ತು ಅಡಿ ಮುಟ್ಟುತ್ತದೆ. ಬೆಲೆ ಸಣ್ಣದಲ್ಲ. ಊರಿನ ಸಂಘ ಸಾಲ ಕೊಟ್ಟಿತು. ‘ನಾವು ದೋಟಿ ಹಿಡೀತೇವೆ, ನೀವು ಹೇಳಿಕೊಡಿ’ ಅಂದರು ಹುಡುಗರು. ನನಗೆ ಮೊದಲು ಮನಸ್ಸಿರಲಿಲ್ಲ. ತೋಟದವರಿಗೂ ಹೆದರಿಕೆ. ಎಳೆಯುವಾಗ ತಪ್ಪಿದರೆ ಹಿಂಗಾರಕ್ಕೆ (ಅಡಿಕೆಯ ಹೂಗೊಂಚಲಿಗೆ) ಪೆಟ್ಟು ಬೀಳುತ್ತದೆ, ಮುಂದಿನ ವರ್ಷದ ಬೆಳೆಯೇ ಹೋಗುತ್ತದೆ. ಆದರೆ ಇಪ್ಪತ್ತು ವರ್ಷ ಆ ಮಂಡೆಯ ಹತ್ತಿರವೇ ಕೂತವನಲ್ಲವಾ ನಾನು? ಕೊನೆಯ ಬುಡ ಯಾವ ಕಡೆ ಒರಗಿದೆ, ಕತ್ತಿ ಯಾವ ಬದಿಯಿಂದ ಹಾಕಬೇಕು, ಯಾವ ಕೊನೆ ಇನ್ನು ಹತ್ತು ದಿನ ಬಿಡಬೇಕು, ಎಲ್ಲವೂ ಕೆಳಗಿನಿಂದಲೂ ಕಾಣುತ್ತದೆ. ಬಲಗಾಲಿಗೆ ಇನ್ನೂ ಪೂರ್ತಿ ಶಕ್ತಿ ಇಲ್ಲ. ಮರಕ್ಕೆ ಒರಗಿ ನಿಲ್ಲುತ್ತೇನೆ, ಸುಸ್ತಾದರೆ ಸ್ಟೂಲಿನ ಮೇಲೆ ಕೂರುತ್ತೇನೆ. ಹುಡುಗರು ಈಗ ನಾನು ಹೇಳುವ ಮೊದಲೇ ಸರಿಯಾದ ಬದಿಗೆ ಹೋಗುತ್ತಾರೆ. ಅದನ್ನು ನೋಡುವಾಗ ಆಗುವ ಖುಷಿ, ಮೊದಲು ದಿನಕ್ಕೆ ಎಷ್ಟು ಮರ ಹತ್ತಿದಾಗಲೂ ಆಗಿರಲಿಲ್ಲ.

ಸಾಲ ಇನ್ನೂ ಇದೆ. ಮನೆಯ ಮಾಡು ಹಳೆಯದೇ. ಮೋಡ ಕಟ್ಟಿದ ದಿನ ಬೆನ್ನು ನೋಯುತ್ತದೆ. ಆದರೆ ಬೆಳಿಗ್ಗೆ ಫೋನು ಬಂದರೆ ‘ಇವತ್ತು ಬರ್ತೀಯಾ?’ ಅಂತ ಕೇಳುತ್ತಾರೆ. ಈ ಸಲದ ಜಾತ್ರೆಗೆ, ದೇವಿಯನ್ನು ಕೂರಿಸುವ ಬಿಡಕಿಬೈಲಿನ ಗದ್ದುಗೆವರೆಗೆ ನಡೆದೇ ಹೋಗುತ್ತೇನೆ, ಮಗಳ ಕೈ ಹಿಡಿದು.

ಬಾಗಿಲು ಹೊತ್ತ ಆರು ಜನರಿಗೆ, ಆಂಬುಲೆನ್ಸಿನ ಅಣ್ಣನಿಗೆ, ಕಾಲು ಎತ್ತು ಎತ್ತು ಅಂತ ಬೆನ್ನು ಹತ್ತಿದ ಫಿಸಿಯೋಥೆರಪಿಯ ಮೇಡಮ್ಮಿಗೆ, ದೋಟಿ ಹಿಡಿದ ಹುಡುಗರಿಗೆ, ನಂಬಿ ತೋಟ ಬಿಟ್ಟುಕೊಟ್ಟ ಒಂಬತ್ತು ಮನೆಯವರಿಗೆ ಕೈಮುಗಿಯುತ್ತೇನೆ.

ಅಮ್ಮಾ, ಮೊದಲ ಮದ್ದಿಗೆ ಮೇ ಕೊನೆಯಲ್ಲಿ ನಿಮ್ಮ ತೋಟಕ್ಕೇ ಬರುತ್ತೇವೆ. ಸುಣ್ಣ ಮಾತ್ರ ಈಗಲೇ ತಂದಿಡಬೇಡಿ. ಹಿಂದಿನ ದಿನ ನಾನೇ ಹೊಸದು ತರುತ್ತೇನೆ.