ಜೀನ್ಸ್ ಕವರ್ ಲೆಕ್ಕ ಕೊಡುವ ಬಗ್ಗೆ

ಬಳ್ಳಾರಿ ಜೀನ್ಸ್ ಬಳಗದ ಎಲ್ಲರಿಗೂ ನಮಸ್ಕಾರ್ರಿ. ಸ್ವಂತ ಬ್ರ್ಯಾಂಡ್ ಹೆಸರಲ್ಲಿ ಪ್ಯಾಂಟ್ ಮಾರುವವರು ಅದರ ಪ್ಲಾಸ್ಟಿಕ್ ಕವರ್ ಕಸವಾದಾಗ ಅದಕ್ಕೂ ಹೊಣೆ ಅಂತ 2022ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮ ಹೇಳುತ್ತದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮದ ಬ್ರ್ಯಾಂಡ್ ಮಾಲೀಕರನ್ನು ಅದರಿಂದ ಹೊರಗಿಟ್ಟಿದ್ದಾರೆ. ಹಾಗಾಗಿ ಮೊದಲು ನಿಮ್ಮ ಘಟಕ ಸೂಕ್ಷ್ಮವೋ, ಸಣ್ಣದೋ, ಮಧ್ಯಮವೋ ಅಂತ ತಿಳಿಸುವ ಸರ್ಕಾರಿ ಉದ್ಯಮ್ ಪ್ರಮಾಣಪತ್ರ ತೆಗೆದು ನೋಡ್ರಿ, ಸುಮ್ಮನೆ ಏಜೆಂಟರಿಗೆ ದುಡ್ಡು ಸುರಿಯಬೇಡ್ರಿ.

ಮಧ್ಯಮ, ದೊಡ್ಡ ಘಟಕದವರು ನೋಂದಣಿ ಮಾಡಿಸಲೇಬೇಕು. ಒಂದೆರಡು ರಾಜ್ಯದಲ್ಲಷ್ಟೇ ವ್ಯಾಪಾರವಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಹೆಚ್ಚಿದ್ದರೆ ಕೇಂದ್ರ ಮಂಡಳಿ. ಹಿಂದಿನ ಹಣಕಾಸು ವರ್ಷದ ಪ್ಲಾಸ್ಟಿಕ್ ವಿವರ ಸಲ್ಲಿಸಲು ನಿಯಮದ ಗಡುವು ಜೂನ್ 30.

ಲೆಕ್ಕ ಕೇಳುವುದು ತೂಕದಲ್ಲಿ, ಕವರುಗಳ ಎಣಿಕೆಯಲ್ಲಲ್ಲ. ನಿಯಮ ಪ್ಲಾಸ್ಟಿಕ್ ಪ್ಯಾಕಿಂಗನ್ನು ವರ್ಗಗಳಾಗಿ ವಿಂಗಡಿಸಿದೆ; ಪ್ಯಾಂಟಿನ ತೆಳು ಕವರ್ ಅದರ ಎರಡನೇ ವರ್ಗಕ್ಕೆ ಬರುತ್ತದೆ. ಕವರ್ ತರುವಾಗ ಬಿಲ್ಲಿನಲ್ಲಿ ಕೆಜಿ ಬರೆಸಿಕೊಳ್ಳಿ. ಬರೀ ಬಂಡಲ್ ಲೆಕ್ಕದ ಬಿಲ್ ಇದ್ದರೆ ಜೂನ್‌ನಲ್ಲಿ ಪರದಾಟ ತಪ್ಪದು.