ವಾಪಸ್ ಕಳಿಸಬೇಡಿ ಎಂದು ಹೇಳಿದ್ದು ಯಾರಿಗೆ?

ಮೇ 2021

ಮಾನ್ಯ ಸಂಪಾದಕರೇ,

ಕೊರೊನಾ ಲಸಿಕೆ ಕೇಂದ್ರದ ಗಲಾಟೆ ಬಗ್ಗೆ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ಸುದ್ದಿ ಓದಿದೆ. ಸರಿಯಾದ ಮಾಹಿತಿ ಇಲ್ಲದೆ ಜನ ಬಂದಿದ್ದೇ ಗೊಂದಲಕ್ಕೆ ಕಾರಣ ಅಂತ ಅಧಿಕಾರಿಗಳು ಹೇಳಿಕೆ ಕೊಟ್ಟಿದ್ದಾರೆ. ಓದಿ ಮೈಯೆಲ್ಲ ಉರಿದುಹೋಯಿತು. ಎರಡನೇ ಡೋಸ್‌ಗೆ ಆ ಸಾಲಿನಲ್ಲಿ ನನ್ನ ಆಯಿಯೂ ಇದ್ದರು. ಲಸಿಕೆ ಬುಕ್ ಮಾಡುವ ಸರ್ಕಾರಿ ತಾಣ ಕೋವಿನ್ ಕೊಟ್ಟ ದಿನ, ಕೊಟ್ಟ ಹೊತ್ತು ನೋಡಿಕೊಂಡೇ ನಾವು ಹೋಗಿದ್ದು.

ಆಯಿಗೆ ಎಪ್ಪತ್ತು ದಾಟಿದೆ, ಮಂಡಿನೋವು ಬೇರೆ. ಲಾಕ್‌ಡೌನ್, ಬಸ್ಸಿಲ್ಲ. ರಿಕ್ಷಾದವರು ಪೊಲೀಸರಿಗೆ ಹೆದರಿ ಬರಲ್ಲ ಅಂತಾರೆ, ಬರುವವರು ದುಪ್ಪಟ್ಟು ಕೇಳುತ್ತಾರೆ. ನಾಕಾದಲ್ಲಿ ಮೊಬೈಲ್ ಮೆಸೇಜ್ ತೋರಿಸಿ ದಾಟಿದೆವು. ಬಿಸಿಲಲ್ಲಿ ನಿಂತವರಿಗೆ ಒಂದು ಕುರ್ಚಿ ಕೇಳಿದರೆ ಕುರ್ಚಿ ಇಲ್ಲ. ಸರದಿ ಬಂದಾಗ ಕಿಟಕಿಯ ಒಳಗಿದ್ದವರು ತಲೆ ಎತ್ತದೆ ಹೇಳಿದ್ದು ಒಂದೇ ಮಾತು: “84 ದಿನ ಆಗಿಲ್ಲ, ಹೋಗಿ.” ಪಕ್ಕದ ಗೋಡೆಗೆ ಅಂಟಿಸಿದ್ದ ಹಾಳೆಯಲ್ಲಿ ಇನ್ನೂ 6ರಿಂದ 8 ವಾರ ಅಂತಲೇ ಇತ್ತು.

ಕೋವಿಶೀಲ್ಡ್ ಲಸಿಕೆಯ ಎರಡು ಡೋಸ್ ನಡುವಿನ ಅಂತರವನ್ನು 2021ರ ಮೇ 13ರಂದು 12ರಿಂದ 16 ವಾರಕ್ಕೆ ಏರಿಸಿದ್ದು ನಮಗೂ ಗೊತ್ತು. ಆದರೆ ಮೊದಲೇ ಬುಕ್ ಮಾಡಿದವರ ದಿನ ರದ್ದಾಗುವುದಿಲ್ಲ, ಅವರು ಬಂದರೆ ಲಸಿಕೆ ಹಾಕಿ, ವಾಪಸ್ ಕಳಿಸಬೇಡಿ ಅಂತ ಕೇಂದ್ರ ಸರ್ಕಾರ ಮೇ 16ರಂದೇ ಹೇಳಿದೆ. ಪೇಪರ್ ಓದುವ ನನಗೆ ಇದು ಗೊತ್ತು. ಲಸಿಕೆ ಹಾಕಲು ಕೂತವರಿಗೆ ಗೊತ್ತಿಲ್ಲ ಅಂದರೆ ಹೇಗೆ? 18ರಿಂದ 44 ವರ್ಷದವರ ಲಸಿಕೆಯನ್ನು ರಾಜ್ಯದಲ್ಲಿ ಮೇ 14ರಿಂದ ನಿಲ್ಲಿಸಿದರು. ಎರಡನೇ ಡೋಸ್‌ನವರಿಗೆ ಮೊದಲು ಕೊಡಬೇಕು ಅನ್ನುವುದೇ ಕಾರಣ. ಈಗ ಎರಡನೇ ಡೋಸ್‌ನವರನ್ನೂ ಮನೆಗೆ ಅಟ್ಟಿದರೆ ಲಸಿಕೆ ಯಾರಿಗೆ ಸ್ವಾಮಿ?

ಅಂತರ ಬದಲಿಸಿದ್ದು ನಾವೊಬ್ಬರೇ ಅಲ್ಲ. ಹೆಚ್ಚು ಜನರಿಗೆ ಬೇಗ ಮೊದಲ ಡೋಸ್ ಸಿಗಲಿ ಅಂತ ಬ್ರಿಟನ್‌ನವರು 2020ರ ಡಿಸೆಂಬರ್ ಕೊನೆಗೇ 12 ವಾರ ಮಾಡಿದ್ದರು. ಆಗ ಅಲ್ಲೂ ಮುದುಕರ ಬುಕಿಂಗ್ ಮುಂದೆ ಹೋಯಿತು, ಅಲ್ಲಿನ ವೈದ್ಯರೇ ಜಗಳ ತೆಗೆದರು. ನಮ್ಮಲ್ಲಿ ಮೊದಲು ಕಂಡ ಕೊರೊನಾ ತಳಿ 2021ರ ಮೇನಲ್ಲಿ ಅಲ್ಲಿ ಹರಡುತ್ತಿತ್ತು. ಅದಕ್ಕೇ ಮೇ 14ರಂದು, ನಾವು ಏರಿಸಿದ ಮಾರನೇ ದಿನವೇ, 50 ದಾಟಿದವರಿಗೆ 8 ವಾರಕ್ಕೆ ಇಳಿಸಿದರು. ಯಾವುದು ಸರಿ ಅಂತ ತಜ್ಞರು ಹೇಳಲಿ. ಆದರೆ ಅಲ್ಲಿ, ನೀವು ಕಾಯಿರಿ, ನಾವೇ ತಿಳಿಸುತ್ತೇವೆ ಅಂದರು. ಇಲ್ಲಿ ಸಾಲಿನ ತುದಿಗೆ ಬಂದ ಮೇಲೆ ಗೊತ್ತಾಗುತ್ತದೆ. ಭೂತಾನ್ ನೋಡಿ. ನಮ್ಮ ದೇಶ ಕೊಟ್ಟ ಕೋವಿಶೀಲ್ಡನ್ನೇ ಗುಡ್ಡ ಹತ್ತಿ ಹೊತ್ತುಕೊಂಡು ಹೋಗಿ, ಮಾರ್ಚ್ 27ರಿಂದ ಎರಡು ವಾರದೊಳಗೆ ಹೆಚ್ಚುಕಮ್ಮಿ ಎಲ್ಲ ವಯಸ್ಕರಿಗೂ ಮೊದಲ ಡೋಸ್ ಮುಟ್ಟಿಸಿದರು. ಸಣ್ಣ ದೇಶ, ಒಪ್ಪೋಣ. ನಮ್ಮ ತಾಲೂಕು ಅದಕ್ಕಿಂತ ದೊಡ್ಡದಾ?

ಲಸಿಕೆಯ ಲೆಕ್ಕ ಸಿದ್ದಾಪುರ, ಶಿರಸಿ ಕಡೆಯವರಿಗೆ ಹೊಸದೇನಲ್ಲ. ಮಂಗನ ಕಾಯಿಲೆಗೆ ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಬೂಸ್ಟರ್ ಅಂತ ತೋಳು ಒಡ್ಡಿದವರು ನಾವು. ಆಗ ಆಶಾ ಕಾರ್ಯಕರ್ತೆ ಅಂಗಳಕ್ಕೇ ಬಂದು ದಿನ ಹೇಳಿ ಹೋಗುತ್ತಿದ್ದರು. ಈಗ ಎಲ್ಲ ಮೊಬೈಲ್. ಕರೆಂಟ್ ಹೋದರೆ ಟವರೂ ಹೋಗುವ ಊರಲ್ಲಿ ಓಟಿಪಿ ಎಲ್ಲಿಂದ ಬರಬೇಕು?

ಈ ಉತ್ತರ ಕನ್ನಡ ಜಿಲ್ಲೆಯ ಹಣೆಬರಹವೇ ಇಷ್ಟು. ದೊಡ್ಡಾಸ್ಪತ್ರೆ ಬೇಕು ಅಂತ 2019ರಲ್ಲಿ ಟ್ವಿಟರ್‌ನಲ್ಲೆಲ್ಲ ಕೂಗಿದೆವು. ಇವತ್ತಿಗೂ ಜೋರು ಕಾಯಿಲೆ ಬಂದರೆ ಮಣಿಪಾಲ, ಹುಬ್ಬಳ್ಳಿ, ಗೋವಾ. ನೌಕಾನೆಲೆಗೆ ಜಾಗ, ಅಣುಸ್ಥಾವರಕ್ಕೆ ಜಾಗ, ಆಣೆಕಟ್ಟಿಗೆ ಜಾಗ ಕೊಟ್ಟ ಜನರಿಗೆ ಒಂದು ಸೂಜಿಗೂ ಗತಿಯಿಲ್ವಾ?

ಮೊದಲೇ ಬುಕ್ ಆದವರಿಗೆಲ್ಲ ಈ ವಾರವೇ ಲಸಿಕೆ ಹಾಕಿ. ಇಲ್ಲವಾದರೆ ಬರಬೇಡಿ ಅಂತ ಹಿಂದಿನ ದಿನವೇ ಫೋನ್ ಮಾಡಿ ಹೇಳಿ. ಮೇಲಿನವರು ಸುಮ್ನೆ ಸಭೆ ಮಾಡಿ ಫೋಟೊ ತೆಗೆಸಿಕೊಳ್ಳುವುದು ಸಾಕು. ಕೆಳಗಿನವರಿಗೆ ಒಂದು ಆದೇಶ ಓದಿ ಹೇಳುವಷ್ಟಾದರೂ ಕೆಲಸ ಮಾಡಿ.

— ನೊಂದ ಓದುಗ, ಸಿದ್ದಾಪುರ ತಾಲೂಕು