ವೈಜ್ಞಾನಿಕ ಹೆಸರು ಬದಲಾಗುವುದು ಮನಬಂದಂತಲ್ಲ

ಮಾನ್ಯರೆ,

ಸಸ್ಯ, ಪ್ರಾಣಿಗಳ ವೈಜ್ಞಾನಿಕ ಹೆಸರುಗಳನ್ನು ವಿಜ್ಞಾನಿಗಳು ಮನಬಂದಂತೆ ಬದಲಾಯಿಸುತ್ತಾರೆಂಬ ದೂರು ಆಗಾಗ ಕೇಳಿಬರುತ್ತದೆ, ಅದು ಸರಿಯಲ್ಲ. ಟೊಮೆಟೊವನ್ನೇ ನೋಡಿ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಅದನ್ನು ಬದನೆ, ಆಲೂಗಡ್ಡೆಗಳಿರುವ ಸೊಲನಮ್ ಕುಲಕ್ಕೆ (ಹತ್ತಿರದ ಸಂಬಂಧವಿರುವ ಪ್ರಭೇದಗಳ ಗುಂಪಿಗೆ) ಸೇರಿಸಿ ಸೊಲನಮ್ ಲೈಕೊಪರ್ಸಿಕಮ್ ಎಂದು ಹೆಸರಿಸಿದರು. 1768ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ಫಿಲಿಪ್ ಮಿಲ್ಲರ್ ಅದಕ್ಕೆ ಬೇರೆ ಕುಲದಡಿ ಲೈಕೊಪರ್ಸಿಕಾನ್ ಎಸ್ಕುಲೆಂಟಮ್ ಎಂಬ ಹೆಸರು ಕೊಟ್ಟರು; ಬಹುಕಾಲ ಪಠ್ಯಪುಸ್ತಕಗಳಲ್ಲಿ ಬಳಕೆಯಲ್ಲಿದ್ದುದು ಇದೇ. ಟೊಮೆಟೊ ಆಲೂಗಡ್ಡೆಗೆ ತೀರಾ ಹತ್ತಿರದ ಸಂಬಂಧಿ ಎಂಬುದು ಡಿಎನ್‌ಎ ಹೋಲಿಕೆಯಿಂದ ಖಚಿತವಾದ ಮೇಲೆ, ಒಂದೇ ಪೂರ್ವಜನಿಂದ ಕವಲೊಡೆದವುಗಳೆಲ್ಲ ಒಂದೇ ಗುಂಪಿನಲ್ಲಿರಬೇಕೆಂಬ ತತ್ತ್ವದಂತೆ ಅದು ಸೊಲನಮ್‌ಗೆ ಮರಳಿತು. ಮೊದಲು ಪ್ರಕಟವಾದ ಹೆಸರಿಗೇ ಮನ್ನಣೆ ಎಂಬ ನಿಯಮದಂತೆ ಲಿನೇಯಸ್ ಇಟ್ಟ ಹೆಸರೂ ಊರ್ಜಿತವಾಯಿತು. ಅಂದರೆ ಬದಲಾದದ್ದು ತಿಳಿವಳಿಕೆಯೇ ಹೊರತು ನಿಯಮವಲ್ಲ. ಪ್ರಾಣಿಗಳ ಹೆಸರುಗಳಿಗೆ ಪ್ರತ್ಯೇಕ ನಿಯಮಾವಳಿಯಿದ್ದು, ಅಲ್ಲಿ ಯಾವ ಹೆಸರು ಮೊದಲು ಪ್ರಕಟವಾಯಿತೆಂಬ ಲೆಕ್ಕ 1758ರಿಂದ ಶುರುವಾಗುತ್ತದೆ.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಹೊಸ ಪ್ರಭೇದವೊಂದಕ್ಕೆ ಹೆಸರಿಡುವಾಗ ಸಾಮಾನ್ಯವಾಗಿ ಒಂದು ಮಾದರಿಯನ್ನು, ಉದಾಹರಣೆಗೆ ಹಾಳೆಗೆ ಅಂಟಿಸಿದ ಒಣ ರೆಂಬೆಯನ್ನೋ ಸೂಜಿಗೆ ಚುಚ್ಚಿಟ್ಟ ಕೀಟವನ್ನೋ, ಸಂಗ್ರಹಾಲಯದಲ್ಲಿ ಇರಿಸಲಾಗುತ್ತದೆ. ಮುಂದೆ ತಕರಾರು ಎದ್ದರೆ ಅದನ್ನೇ ಪರಿಶೀಲಿಸಿ ತೀರ್ಮಾನಿಸಲಾಗುತ್ತದೆ.

ಆದ್ದರಿಂದ ಜೀವಿಗಳ ಕುರಿತ ವರದಿಗಳಲ್ಲಿ ಈಗಿನ ಹೆಸರಿನ ಜೊತೆಗೆ ಹಳೆಯ ಹೆಸರನ್ನೂ ಕೊಟ್ಟರೆ, ಹಳೆಯ ಪುಸ್ತಕಗಳಲ್ಲಿ ಹುಡುಕುವ ವಿದ್ಯಾರ್ಥಿಗಳಿಗೆ ಅನುಕೂಲವಾಗುತ್ತದೆ.

— ಒಬ್ಬ ಓದುಗ